ಆನೆಸೀಲ್‌ಗಳು ಮರಳಿ ಬಂದವು, ಕಿರೋಸ್ತೆ ಜನ ಬರಲಿಲ್ಲ

ಆ ಜಾಗಕ್ಕೆ ಹೆಸರಿಟ್ಟವರು ಅಲ್ಲಿ ಇಳಿಯಲೇ ಇಲ್ಲ. 1603ರ ಜನವರಿ 3. ಸ್ಪೇನ್ ದೇಶದ ಪರವಾಗಿ ಸೆಬಾಸ್ಟಿಯನ್ ವಿಸ್ಕೈನೊ ಎಂಬಾತ ಅಮೆರಿಕದ ಪಶ್ಚಿಮ ಕರಾವಳಿಯ ಗುಂಟ ಹಡಗಿನಲ್ಲಿ ಹೋಗುತ್ತಿದ್ದ. ಸಮುದ್ರಕ್ಕೆ ಚಾಚಿಕೊಂಡ ಒಂದು ತಗ್ಗು ಭೂಶಿರ ಕಣ್ಣಿಗೆ ಬಿತ್ತು. ಹೊಸ ವರ್ಷ ಹುಟ್ಟಿ ಮೂರೇ ದಿನ ಆಗಿತ್ತಲ್ಲ, ಅದಕ್ಕೇ ಹಡಗಿನಲ್ಲಿದ್ದ ಪಾದ್ರಿ 'ಪುಂತಾ ದೆಲ್ ಆನ್ಯೊ ನುಯೆವೊ' ಎಂದು ಹೆಸರಿಟ್ಟರು. ಹೊಸ ವರ್ಷದ ಭೂಶಿರ ಅಂತ ಅರ್ಥ. ಹೆಸರು ಬರೆದುಕೊಂಡು ಹಡಗು ಮುಂದಕ್ಕೆ ಹೋಯಿತು.

ಆ ದಡದಲ್ಲಿ ಆಗಲೇ ಜನ ಇದ್ದರು. ಸಾವಿರ ವರ್ಷಕ್ಕೂ ಹಿಂದಿನಿಂದ ಇದ್ದರು.

ಇದು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿರುವ ಜಾಗ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ರೆಡ್‌ವುಡ್ ಮರಗಳ ಬೆಟ್ಟ, ನಡುವೆ ಗಾಳಿ ಬಡಿಯುವ ಬಯಲು, ಮರಳದಿಬ್ಬ. ಭೂಶಿರದ ತುದಿಯಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಒಂದು ಪುಟ್ಟ ದ್ವೀಪ. ಈಗ ಇದೆಲ್ಲ ಸೇರಿ ಆನ್ಯೊ ನುಯೆವೊ ಸ್ಟೇಟ್ ಪಾರ್ಕ್, 4,000 ಎಕರೆಗೂ ಹೆಚ್ಚು. ಸ್ಟೇಟ್ ಪಾರ್ಕ್ ಅಂದರೆ ನಮ್ಮ ಕಡೆಯ ಮಕ್ಕಳಾಡುವ ಪಾರ್ಕ್ ಅಲ್ಲ. ಅಲ್ಲಿನ ರಾಜ್ಯ ಸರ್ಕಾರ ಕಾಪಾಡಿಕೊಂಡು ಬರುವ ಕಾಡು, ಕಡಲತೀರ.

ನಾವು ಅಲ್ಲಿಗೆ ಹೋಗಿ ಬಂದವರಲ್ಲ. ಓದಿ, ನಕ್ಷೆ ನೋಡಿ, ಒಬ್ಬರಿಗೊಬ್ಬರು ಹೇಳಿಕೊಂಡು ಬರೆದದ್ದು ಇದು. ಇಷ್ಟು ದೂರದ ಒಂದು ಕಡಲತೀರದ ಉಸಾಬರಿ ನಮಗೇಕೆ ಅಂತ ನೀವು ಕೇಳಬಹುದು. ನಮ್ಮೂರುಗಳಲ್ಲೂ ಕಾಡು ಉಳಿಸುವ ಮಾತು ಬಂದಾಗಲೆಲ್ಲ ಎರಡು ಗುಂಪು ಆಗುತ್ತದೆ. ಜನ ಹೊರಗೆ ಹೋದರೆ ಮಾತ್ರ ಪ್ರಾಣಿ ಉಳಿಯುತ್ತದೆ ಅನ್ನುವವರು ಒಂದು ಕಡೆ, ಜನರಿಂದಲೇ ಕಾಡು ಉಳಿದಿರುವುದು ಅನ್ನುವವರು ಇನ್ನೊಂದು ಕಡೆ. ಆನ್ಯೊ ನುಯೆವೊ ಕತೆ ಎರಡೂ ಗುಂಪಿನವರಿಗೆ ಸ್ವಲ್ಪ ಇರುಸುಮುರುಸು ಮಾಡುವಂಥದ್ದು. ಅದಕ್ಕೇ ಬರೆಯೋಣ ಅನ್ನಿಸಿತು.

ಆ ದಡದ ಜನರ ಹೆಸರು ಕಿರೋಸ್ತೆ. ಓಲೋನಿ ಎಂದು ಕರೆಯುವ ಮೂಲನಿವಾಸಿಗಳಲ್ಲಿ ಇವರದೊಂದು ಪಂಗಡ. ಹೊಲ ಉಳುತ್ತಿರಲಿಲ್ಲ, ದನ ಸಾಕುತ್ತಿರಲಿಲ್ಲ. ಹಾಗಂತ ಸಿಕ್ಕಿದ್ದು ತಿಂದು ಅಲೆಯುವವರೂ ಅಲ್ಲ. ಬಂಡೆಗೆ ಅಂಟಿದ ಚಿಪ್ಪುಜೀವಿಗಳನ್ನು ಕಿತ್ತು ತಿನ್ನುತ್ತಿದ್ದರು, ಮೀನು ಹಿಡಿಯುತ್ತಿದ್ದರು, ಹುಲ್ಲಿನ ಬೀಜ ಬಡಿದು ಹಿಟ್ಟು ಮಾಡುತ್ತಿದ್ದರು. ಆ ಭೂಶಿರದಲ್ಲಿ ಚಕಮಕಿ ಕಲ್ಲಿನಂಥ ಗಟ್ಟಿ ಕಲ್ಲು ಸಿಗುತ್ತಿತ್ತು, ಒಡೆದರೆ ಹರಿತವಾದ ಚೂರಾಗುವಂಥದ್ದು. ಬಾಣದ ಮೊನೆ, ಚಾಕು ಎಲ್ಲ ಅದರಿಂದಲೇ. ಚಿಪ್ಪಿನ ಮಣಿಯ ಜೊತೆಗೆ ಈ ಕಲ್ಲೂ ಒಳನಾಡಿಗೆ ವ್ಯಾಪಾರಕ್ಕೆ ಹೋಗುತ್ತಿತ್ತು. ಅವರು ತಿಂದೆಸೆದ ಚಿಪ್ಪುಗಳ ರಾಶಿ ಇವತ್ತಿಗೂ ಮರಳದಿಬ್ಬದೊಳಗಿಂದ ಇಣುಕುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಅವರಿಗೆ ಬೆಂಕಿಯ ಕೆಲಸ ಗೊತ್ತಿತ್ತು. ಬಯಲಿಗೆ ಬೇಕೆಂದೇ, ಕಾಲ ನೋಡಿ, ಬೆಂಕಿ ಇಡುತ್ತಿದ್ದರು. ಪೊದೆ, ಮರದ ಸಸಿಗಳು ಸುಟ್ಟುಹೋಗಿ ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯುತ್ತಿತ್ತು. ಎಳೆಹುಲ್ಲಿಗೆ ಜಿಂಕೆ ಬರುತ್ತಿತ್ತು, ಬೀಜದ ಗಿಡಗಳು ಹುಲುಸಾಗಿ ಬರುತ್ತಿದ್ದವು. ಸುಟ್ಟ ಹೇಜಲ್ ಗಿಡದ ಬುಡದಿಂದ ನೆಟ್ಟಗೆ, ಗಂಟಿಲ್ಲದ ಹೊಸ ಚಿಗುರು ಏಳುತ್ತಿತ್ತು. ಬುಟ್ಟಿ ಹೆಣೆಯಲು ಬೇಕಾದ್ದು ಅಂಥ ಕಡ್ಡಿಯೇ. ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1769ರ ಅಕ್ಟೋಬರ್ 23ರಂದು ಇವರ ಹಳ್ಳಿಗೆ ನೆಂಟರು ಬಂದರು, ಕರೆಯದೆ. ಗಾಸ್ಪಾರ್ ದೆ ಪೋರ್ತೊಲಾ ಎಂಬ ಸ್ಪೇನಿನ ಅಧಿಕಾರಿಯ ತಂಡ ಅದು. ದಕ್ಷಿಣದ ಸ್ಯಾನ್ ಡಿಯಾಗೊದಿಂದ ಜುಲೈನಲ್ಲಿ ಹೊರಟು ನಡೆದೇ ಬಂದಿದ್ದರು. ಹಣ್ಣು ತರಕಾರಿ ಕಾಣದೆ ಒಸಡು ಊದಿಕೊಂಡು ರಕ್ತ ಬರುವ ಕಾಯಿಲೆ, ಹೊಟ್ಟೆಗೆ ಸರಿಯಾಗಿ ಇಲ್ಲ, ಕೆಲವರನ್ನು ಹೊತ್ತುಕೊಂಡೇ ಬರಬೇಕಾಗಿತ್ತು. ಕಿರೋಸ್ತೆ ಜನ ಇವರನ್ನು ಓಡಿಸಲಿಲ್ಲ. ಊಟ ಕೊಟ್ಟರು, ಮುಂದಿನ ದಾರಿಗೆ ಜನ ಕೊಟ್ಟರು. ಹಳ್ಳಿಯ ನಡುವೆ ಊರಿನವರೆಲ್ಲ ಒಟ್ಟಿಗೆ ಕೂರಬಹುದಾದಷ್ಟು ದೊಡ್ಡ ಗುಂಡು ಮನೆಯೊಂದಿತ್ತು. ಅದನ್ನು ನೋಡಿ ಬೆರಗಾದ ಸೈನಿಕರು ಊರಿಗೇ 'ಕಾಸಾ ಗ್ರಾಂದೆ' ಅಂದರು, ದೊಡ್ಡಮನೆ ಅಂತ. ತಂಡದಲ್ಲಿದ್ದ ಹ್ವಾನ್ ಕ್ರೆಸ್ಪಿ ಎಂಬ ಪಾದ್ರಿ ದಿನಚರಿ ಬರೆಯುತ್ತಿದ್ದರು. ದಾರಿಯಲ್ಲಿ ಸಿಕ್ಕ ಸುಟ್ಟ ಹುಲ್ಲುಗಾವಲುಗಳ ಮಾತು ಆ ದಿನಚರಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಊಟದ ಬಲದಿಂದಲೇ ಇರಬೇಕು, ಎರಡು ವಾರ ಕಳೆಯುವುದರೊಳಗೆ, ನವೆಂಬರ್ 4ರಂದು, ಪೋರ್ತೊಲಾ ಬೆಟ್ಟದ ಮೇಲೆ ನಿಂತು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನು ನೋಡಿದ.

ಉಪಕಾರ ಮಾಡಿದವರಿಗೆ ಸಿಕ್ಕಿದ್ದು ಏನು? 1791ರಲ್ಲಿ ದಕ್ಷಿಣಕ್ಕಿರುವ ಸಾಂತಾ ಕ್ರೂಜ್‌ನಲ್ಲಿ ಕ್ರೈಸ್ತ ಮಿಷನ್ ಸ್ಥಾಪನೆಯಾಯಿತು. ಮೂಲನಿವಾಸಿಗಳನ್ನು ಮತಾಂತರಿಸಿ, ಅಲ್ಲೇ ಇರಿಸಿಕೊಂಡು, ಹೊಲ ದನ ನೋಡಿಕೊಳ್ಳುವ ಕೆಲಸಕ್ಕೆ ಹಚ್ಚುತ್ತಿದ್ದರು. ಒಮ್ಮೆ ಒಳಗೆ ಹೋದವರು ಮನಸ್ಸು ಬಂದಾಗ ಊರಿಗೆ ಮರಳುವಂತಿರಲಿಲ್ಲ. ಹೊರಗಿನಿಂದ ಬಂದ ಕಾಯಿಲೆಗಳು ಹಳ್ಳಿ ಹಳ್ಳಿಯನ್ನೇ ಗುಡಿಸಿ ಹಾಕಿದವು. 1793ರ ಮೇ ತಿಂಗಳಲ್ಲಿ ಸ್ಪೇನಿನ ಗವರ್ನರ್ ಮೂಲನಿವಾಸಿಗಳು ಬಯಲಿಗೆ ಬೆಂಕಿ ಇಡುವುದನ್ನು ನಿಷೇಧಿಸಿದ. ದನ ಮೇಯುವ ಹುಲ್ಲು ಹಾಳಾಗುತ್ತದೆ ಅನ್ನುವುದು ಅವರ ದೂರು. (ಬ್ರಿಟಿಷರು ನಮ್ಮ ಕನ್ನಡ ಜಿಲ್ಲೆಗಳಲ್ಲಿ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿದ ಕತೆ ಗೊತ್ತಿದ್ದವರಿಗೆ ಈ ದನಿ ಪರಿಚಿತ ಅನ್ನಿಸಬಹುದು.)

ಕಿರೋಸ್ತೆಗಳಲ್ಲಿ ಚಾರ್ಕಿನ್ ಎಂಬ ನಾಯಕನಿದ್ದ. ಮಿಷನ್ ಸೇರಿ, ಅಲ್ಲಿಂದ ತಪ್ಪಿಸಿಕೊಂಡು ಬೆಟ್ಟ ಹತ್ತಿದವನು. ಅವನಂತೆಯೇ ಓಡಿಬಂದವರು ಅವನ ಸುತ್ತ ಕೂಡಿಕೊಂಡರು. 1793ರ ಡಿಸೆಂಬರ್ 14ರ ರಾತ್ರಿ ಕಿರೋಸ್ತೆಗಳು ಸಾಂತಾ ಕ್ರೂಜ್ ಮಿಷನ್ ಮೇಲೆ ದಾಳಿ ಮಾಡಿ ಕಟ್ಟಡಗಳಿಗೆ ಬೆಂಕಿ ಇಟ್ಟರು. ಆ ಭಾಗದ ಮಿಷನ್‌ಗಳ ಚರಿತ್ರೆಯಲ್ಲಿ ಇಂಥ ನೇರ ದಾಳಿಗಳು ಬಹಳ ಇಲ್ಲ. ಆಮೇಲೆ ಸೈನಿಕರು ಬಂದರು, ನಾಯಕರನ್ನು ಹಿಡಿದರು, ಉಳಿದವರು ಮಿಷನ್ ಸೇರಿದರು. ಕೆಲವೇ ವರ್ಷಗಳಲ್ಲಿ ಭೂಶಿರದ ಬಯಲು ಖಾಲಿಯಾಯಿತು.

ಖಾಲಿಯಾದ ಜಾಗಕ್ಕೆ ದನ ಬಂದವು. ಮೊದಲು ಮಿಷನ್‌ನ ದನ. ಆಮೇಲೆ ಆ ಸೀಮೆ ಮೆಕ್ಸಿಕೊ ಕೈಗೆ ಹೋಗಿ, 1842ರಲ್ಲಿ ಸುಮಾರು 17,700 ಎಕರೆಯಷ್ಟು ಜಾಗ ಒಬ್ಬನೇ ಒಬ್ಬನಿಗೆ ಜಹಗೀರಿನ ಹಾಗೆ ಮಂಜೂರಾಯಿತು. ಅಲ್ಲಿಂದ ಕೈ ಬದಲಾಗಿ ಬದಲಾಗಿ, ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕಕ್ಕೂ ಸೇರಿ, 1862ರಲ್ಲಿ ಸ್ಟೀಲ್ ಎಂಬ ಮನೆತನದವರು ಗುತ್ತಿಗೆಗೆ ಹಿಡಿದರು. ಇವರು ಹೈನುಗಾರರು. ಹಾಲನ್ನು ಹಾಗೇ ನಗರಕ್ಕೆ ಕಳಿಸಿದರೆ ದಾರಿಯಲ್ಲೇ ಕೆಡುತ್ತದೆ, ಚೀಸ್ ಮಾಡಿದರೆ ಕೆಡುವುದಿಲ್ಲ. ಆ ಲೆಕ್ಕದಲ್ಲಿ ಇವರು ಚೆನ್ನಾಗಿ ಬೆಳೆದರು. 1864ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ, ಗಾಯಗೊಂಡ ಸೈನಿಕರ ನೆರವಿಗೆ ಹಣ ಕೂಡಿಸಲು ಒಂದೇ ಒಂದು ಚೀಸ್ ಗುಂಡು ಮಾಡಿದರು. ತೂಕ 3,850 ಪೌಂಡ್, ಅಂದರೆ 1,700 ಕಿಲೋಗೂ ಹೆಚ್ಚು! ಎಷ್ಟು ಹಸುವಿನ ಎಷ್ಟು ದಿನದ ಹಾಲು ಅದಕ್ಕೆ ಸುರಿದಿರಬಹುದು ಅಂತ ಡೇರಿಗೆ ಹಾಲು ಹಾಕುವವರು ಲೆಕ್ಕ ಹಾಕಿ. ಆ ಕಾಲದ ಹೈನು ಕಟ್ಟಡವೊಂದು ಇನ್ನೂ ನಿಂತಿದೆ. ಈಗ ಬಂದವರಿಗೆ ಪಾರ್ಕಿನ ಮಾಹಿತಿ ಕೊಡುವುದು ಅಲ್ಲೇ.

ದಡದಲ್ಲಿ ದನ, ನೀರಿನಲ್ಲಿ ಹಡಗು. ಆ ಕರಾವಳಿ ಹಡಗಿನವರಿಗೆ ಸಿಂಹಸ್ವಪ್ನವಾಗಿತ್ತು. ಮಂಜು ಕವಿದರೆ ಮೂತಿಯ ಮುಂದಿನ ಬಂಡೆ ಕಾಣದು. 1853ರಲ್ಲಿ 'ಕ್ಯಾರಿಯರ್ ಪಿಜನ್' ಎಂಬ ಹಡಗು ಒಡೆಯಿತು. 1865ರಲ್ಲಿ 'ಸರ್ ಜಾನ್ ಫ್ರಾಂಕ್ಲಿನ್', ಮರುವರ್ಷ 'ಕೋಯಾ', 1868ರಲ್ಲಿ 'ಹೆಲ್ಲೆಸ್ಪಾಂಟ್'. ಸತ್ತವರನ್ನು ದಡದಲ್ಲೇ ಹೂಳಿದರು. ಕೊನೆಗೆ ಸರ್ಕಾರ 1872ರಲ್ಲಿ ಆನ್ಯೊ ನುಯೆವೊ ದ್ವೀಪದ ಮೇಲೆ ಆವಿಯಿಂದ ಊದುವ ಒಂದು ದೊಡ್ಡ ಸೀಟಿ ಕೂರಿಸಿತು. ಕಣ್ಣಿಗೆ ಕಾಣದಿದ್ದರೆ ಕಿವಿಗಾದರೂ ಕೇಳಲಿ ಅಂತ. ಮೊದಲ ಸಲ ಅದನ್ನು ಊದಿದಾಗ ಆಸುಪಾಸಿನ ಹಸುಗಳೆಲ್ಲ ದಡಕ್ಕೆ ಓಡಿಬಂದು ಸಮುದ್ರದ ಕಡೆ ಮುಖ ಮಾಡಿ ನಿಂತವಂತೆ, ಯಾವುದೋ ದನ ಕಷ್ಟದಲ್ಲಿ ಸಿಕ್ಕಿ ಕೂಗುತ್ತಿದೆ ಅಂದುಕೊಂಡು. ಇದು ಅಲ್ಲಿನವರು ಹೇಳಿಕೊಂಡು ಬಂದ ಕತೆ. ಕೇಳಿದರೆ ನಿಜವೇ ಇರಬೇಕು ಅನ್ನಿಸುತ್ತದೆ.

ಸೀಟಿ ನೋಡಿಕೊಳ್ಳುವವರ ಬದುಕು ತಮಾಷೆಯದಲ್ಲ. ದ್ವೀಪಕ್ಕೂ ದಡಕ್ಕೂ ನಡುವಿನ ನೀರು ಚಿಕ್ಕದು, ಆದರೆ ಅಲೆ ಎರಡೂ ಕಡೆಯಿಂದ ಬಂದು ನಡುವೆ ಢಿಕ್ಕಿ ಹೊಡೆಯುತ್ತದೆ. 1883ರಲ್ಲಿ ಇಬ್ಬರು ಕಾವಲುಗಾರರು ಮತ್ತು ಅವರ ಜೊತೆ ದೋಣಿಯಲ್ಲಿದ್ದ ಇಬ್ಬರು ಹುಡುಗರು ಆ ನೀರಿನಲ್ಲಿ ಮುಳುಗಿ ಹೋದರು. ದ್ವೀಪದಲ್ಲಿ ಉಳಿದವರು ಹೆಂಗಸರು, ಮಕ್ಕಳು. 1948ರಲ್ಲಿ ಸಮುದ್ರದಲ್ಲಿ ತೇಲುವ ದೀಪದ ತೇಲುಗುಂಡು ಬಿಟ್ಟು, ದ್ವೀಪದ ಕೆಲಸ ಮುಚ್ಚಿ, ಎಲ್ಲರೂ ಹೊರಟು ಬಂದರು. ಎರಡು ಅಂತಸ್ತಿನ ಮರದ ಮನೆ ಹಾಗೇ ಉಳಿಯಿತು. ಬಾಗಿಲು ಬಿದ್ದ ಮೇಲೆ ಕಡಲಸಿಂಹಗಳು ಒಳಗೆ ನುಗ್ಗಿದವು. ಅವು ಸೀಲ್‌ಗಳ ಬಳಗದವೇ, ಕಿವಿ ಕಾಣುತ್ತದೆ, ಮುಂದಿನ ರೆಕ್ಕೆಯ ಮೇಲೆ ಎದ್ದು ನಡೆಯುತ್ತವೆ. ಮೆಟ್ಟಿಲು ಹತ್ತಿ ಮಹಡಿ, ಸ್ನಾನದ ತೊಟ್ಟಿ, ಎಲ್ಲೆಂದರಲ್ಲಿ ಸಂಸಾರ ಹೂಡಿದವು. ನೀರುಕಾಗೆಗಳು ಮಾಡಿನ ಮೇಲೆ ಗೂಡು ಕಟ್ಟಿದವು.

ಆ ಖಾಲಿ ದ್ವೀಪಕ್ಕೇ 1955ರಲ್ಲಿ ಒಂದು ಪ್ರಾಣಿ ಬಂತು. ಜಗತ್ತು ಅದನ್ನು ಸತ್ತೇಹೋಯಿತು ಅಂತ ಎಣಿಸಿ ಕೈತೊಳೆದುಕೊಂಡಿದ್ದ ಪ್ರಾಣಿ. ಹೆಸರು ಆನೆಸೀಲ್.

ಗಂಡು ಆನೆಸೀಲ್ ನಾಲ್ಕರಿಂದ ಐದು ಮೀಟರ್ ಉದ್ದ, ತೂಕ ಎರಡು ಟನ್ ದಾಟುತ್ತದೆ. ಮುಖದ ಮುಂದೆ ಸೊಂಡಿಲಿನಂತೆ ಜೋತಾಡುವ ಮೂಗು, ಹೆಸರು ಬಂದದ್ದು ಅದರಿಂದ. ಹೆಣ್ಣು ಅದಕ್ಕಿಂತ ಬಹಳ ಚಿಕ್ಕದು, ಸೊಂಡಿಲೂ ಇಲ್ಲ. ಚರ್ಮದಡಿ ಗೇಣುದ್ದದವರೆಗೂ ಕೊಬ್ಬು. ಅದೇ ಅದಕ್ಕೆ ಮುಳುವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪಕ್ಕೆ, ಯಂತ್ರಕ್ಕೆ ಎಣ್ಣೆ ಅಂದರೆ ತಿಮಿಂಗಿಲದ ಎಣ್ಣೆ. ತಿಮಿಂಗಿಲ ಕಡಿಮೆಯಾದಂತೆ ಬೇಟೆಗಾರರ ಕಣ್ಣು ಇವುಗಳ ಮೇಲೆ ಬಿತ್ತು. ತಿಮಿಂಗಿಲವನ್ನು ಬೆನ್ನಟ್ಟಬೇಕು, ಈಟಿ ಎಸೆಯಬೇಕು. ಆನೆಸೀಲ್ ಮರಳಿನ ಮೇಲೆ ಮಲಗಿರುತ್ತದೆ, ಮನುಷ್ಯನನ್ನು ಕಂಡರೆ ಓಡುವುದೂ ಇಲ್ಲ. ಒಂದು ದೊಡ್ಡ ಗಂಡಿನಿಂದ ಪೀಪಾಯಿಗಟ್ಟಲೆ ಎಣ್ಣೆ. ಹೀಗೆ ಬೇಟೆಯಾಡಿದವರಲ್ಲಿ ಒಬ್ಬ ಚಾರ್ಲ್ಸ್ ಸ್ಕ್ಯಾಮನ್. ಆತನೇ 1874ರಲ್ಲಿ ಈ ಕರಾವಳಿಯ ಕಡಲ ಪ್ರಾಣಿಗಳ ಬಗ್ಗೆ ಪುಸ್ತಕ ಬರೆದ. ಕೊಂದವನೇ ಚರಿತ್ರೆಕಾರನೂ ಆದ ಅನ್ನಿ. 1880ರ ದಶಕ ಮುಗಿಯುವ ಹೊತ್ತಿಗೆ ಒಂದೂ ಉಳಿದಿಲ್ಲ ಅಂತಲೇ ಎಲ್ಲರ ನಂಬಿಕೆ.

1892ರಲ್ಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ಪ್ರಾಣಿಗಳನ್ನು ಕೂಡಿಸುವ ತಂಡವೊಂದು ಮೆಕ್ಸಿಕೊದ ಗ್ವಾದಲೂಪೆ ದ್ವೀಪಕ್ಕೆ ಹೋಯಿತು. ನಡುಸಮುದ್ರದ ಜ್ವಾಲಾಮುಖಿ ದ್ವೀಪ ಅದು. ಅಲ್ಲಿ ಎಂಟು ಆನೆಸೀಲ್ ಕಂಡವು. ಅವರು ಏನು ಮಾಡಿದರು ಗೊತ್ತೆ? ಏಳನ್ನು ಕೊಂದು ಮ್ಯೂಸಿಯಂಗೆ ಹೊತ್ತುಕೊಂಡು ಬಂದರು. ಹೇಗೂ ಅಳಿದುಹೋಗುವ ಪ್ರಾಣಿ, ಚರ್ಮ ಎಲುಬಾದರೂ ವಿಜ್ಞಾನಕ್ಕೆ ಸಿಗಲಿ ಅನ್ನುವುದು ಅವರ ತರ್ಕ. ಇದನ್ನು ಓದಿದ ದಿನ ನಮ್ಮಲ್ಲಿ ಒಬ್ಬರು, ಮನೆ ಹತ್ತಿ ಉರಿಯುವಾಗ ಗಳ ಹಿರಿಯುವುದು ಅಂದರೆ ಇದೇ ಅಂದರು.

ಆದರೆ ಉಳಿದದ್ದು ಒಂದೇ ಆಗಿರಲಿಲ್ಲ. ಆನೆಸೀಲ್ ವರ್ಷದ ಬಹುಪಾಲು ಕಳೆಯುವುದು ನಡುಸಮುದ್ರದ ಆಳದಲ್ಲಿ. ಯಾವ ದಿನ ದಡದಲ್ಲಿ ಎಣಿಸಿದರೂ ಹಿಂಡಿನ ಒಂದು ಪಾಲು ನೀರಿನಲ್ಲೇ ಇರುತ್ತದೆ. ಹಾಗೆ ಮನುಷ್ಯರ ಕಣ್ಣಿಗೆ ಬೀಳದೆ ಉಳಿದ ಬೆರಳೆಣಿಕೆಯ ಹತ್ತಾರು ಪ್ರಾಣಿಗಳು ಕುಲ ಮುಂದುವರಿಸಿದವು. 1922ರಲ್ಲಿ ಗ್ವಾದಲೂಪೆಯಲ್ಲಿ ಎಣಿಸಿದಾಗ 264 ಸಿಕ್ಕವು. ಅದೇ ವರ್ಷ ಮೆಕ್ಸಿಕೊ ಸರ್ಕಾರ ದ್ವೀಪವನ್ನು ರಕ್ಷಿತ ಪ್ರದೇಶ ಅಂತ ಘೋಷಿಸಿ ಸೈನಿಕರನ್ನು ಕಾವಲಿಗಿಟ್ಟಿತು. ಆ ಕಾಲಕ್ಕೆ ಅಂಥದೊಂದು ನಿರ್ಧಾರ ಸಣ್ಣದಲ್ಲ. ಮೆಕ್ಸಿಕೊದಲ್ಲಿ ಕ್ರಾಂತಿಯ ಗದ್ದಲ ಮುಗಿದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಅಲ್ಲಿಂದ ಹಿಂಡು ಬೆಳೆದು, ದ್ವೀಪದಿಂದ ದ್ವೀಪಕ್ಕೆ ಉತ್ತರಕ್ಕೆ ಹಬ್ಬಿತು. 1955ರಲ್ಲಿ ಆನ್ಯೊ ನುಯೆವೊ ದ್ವೀಪದಲ್ಲಿ ಮೊದಲ ಆನೆಸೀಲ್ ಕಂಡಿತು. 1958ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಈ ಜಾಗಕ್ಕೆ ರಕ್ಷಣೆ ಕೊಟ್ಟಿತು. 1961ರಲ್ಲಿ ದ್ವೀಪದಲ್ಲಿ ಮರಿ ಹುಟ್ಟಿತು. ದ್ವೀಪದಲ್ಲಿ ಕಾಲಿಡಲು ಜಾಗ ಇಲ್ಲ ಅನ್ನುವಂತಾದಾಗ ಎದುರಿನ ದಡಕ್ಕೆ ಬಂದವು. 1975ರಲ್ಲಿ ಭೂಶಿರದ ಮರಳಿನ ಮೇಲೆ ಮೊದಲ ಮರಿ. ಇವತ್ತು ಉತ್ತರ ಪೆಸಿಫಿಕ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಆನೆಸೀಲ್‌ಗಳಿವೆ ಅಂತ ಅಂದಾಜು. ಎಲ್ಲವೂ ಆ ಹತ್ತಾರು ಪ್ರಾಣಿಗಳ ಸಂತಾನ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೇಟೆಗಾರರು ಬರುವುದಕ್ಕೂ ಮೊದಲು ಈ ದಡದಲ್ಲಿ ಆನೆಸೀಲ್‌ಗಳು ಹೀಗೆಯೇ ಸಾವಿರಗಟ್ಟಲೆ ಮಲಗುತ್ತಿದ್ದವೇ? ಕಿರೋಸ್ತೆಗಳು ಬಿಟ್ಟುಹೋದ ಚಿಪ್ಪಿನ ರಾಶಿಗಳನ್ನು ಅಗೆದು ನೋಡಿದವರಿಗೆ ಬೇರೆ ಜಾತಿಯ ಸೀಲ್‌ಗಳ ಎಲುಬು ಬೇಕಾದಷ್ಟು ಸಿಕ್ಕಿದೆ, ಆನೆಸೀಲಿನದು ತೀರಾ ಅಪರೂಪ. ಆಗ ದಡದಲ್ಲಿ ಬೇಟೆಯಾಡುವ ಜನ ಇದ್ದರು. ಗ್ರಿಜ್ಲಿ ಕರಡಿ ಇತ್ತು. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಇವತ್ತಿಗೂ ಅದೇ ಕರಡಿ ಇದೆ, ನೆಲದ ಮೇಲೆ ಮಾತ್ರ 1920ರ ದಶಕದಿಂದ ಈಚೆಗೆ ಇಲ್ಲ. ಎರಡು ಟನ್ ತೂಗುವ, ನೆಲದ ಮೇಲೆ ತೆವಳುವ ಪ್ರಾಣಿ ಕರಡಿಯೂ ಮನುಷ್ಯನೂ ಇರುವ ದಡದಲ್ಲಿ ಮರಿ ಹಾಕಲು ಧೈರ್ಯ ಮಾಡುವುದು ಕಷ್ಟ. ಅಂದರೆ ಇವತ್ತು ಪ್ರವಾಸಿಗರು ನೋಡಿ ಬೆರಗಾಗುವ 'ಸಹಜ' ದೃಶ್ಯ ಅಷ್ಟೇನೂ ಹಳೆಯದಲ್ಲ. ಜನರನ್ನು ಖಾಲಿ ಮಾಡಿಸಿದ ದಡ ಸೀಲ್‌ಗಳಿಗೆ ಸುರಕ್ಷಿತ ದಡವಾಯಿತು. ಇದರಲ್ಲಿ ಸೀಲ್‌ಗಳ ತಪ್ಪು ಏನೂ ಇಲ್ಲ. ಆದರೆ ಪಾರ್ಕಿನ ಕತೆಯನ್ನು 1955ರಿಂದ ಶುರು ಮಾಡಿದರೆ ಅರ್ಧ ಕತೆ ಬಿಟ್ಟುಹೋಗುತ್ತದೆ.

ಇನ್ನು ಸೀಲ್‌ಗಳ ವರ್ಷ. ಡಿಸೆಂಬರ್ ಬಂತೆಂದರೆ ಗಂಡುಗಳು ಬಂದು ದಡದಲ್ಲಿ ಜಾಗ ಹಿಡಿಯುತ್ತವೆ. ಎದೆಯೆತ್ತಿ ನಿಂತು, ಕೋರೆಹಲ್ಲಿನಿಂದ ಒಂದರ ಕುತ್ತಿಗೆ ಒಂದು ಬಗೆಯುತ್ತವೆ. ಪ್ರತಿಸಲ ಕಾದಾಟವೇ ಆಗಬೇಕಿಲ್ಲ. ಪ್ರತಿ ಗಂಡಿನ ಕೂಗಿಗೂ ಅದರದೇ ತಾಳ ಇದೆ, ತಮಟೆಯ ಪೆಟ್ಟಿನ ಹಾಗೆ. ಒಮ್ಮೆ ಸೋತ ಗಂಡು ಆ ತಾಳ ಕೇಳಿದರೆ ಸಾಕು, ಆಸಾಮಿ ಯಾರೆಂದು ತಿಳಿದು ಜಾಗ ಖಾಲಿ ಮಾಡುತ್ತದೆ. ವಿಜ್ಞಾನಿಗಳು ಸ್ಪೀಕರ್‌ನಲ್ಲಿ ಕೂಗು ಹಾಕಿ, ತಾಳ ಬದಲಾಯಿಸಿ ಪರೀಕ್ಷೆ ಮಾಡಿ ಇದನ್ನು ಕಂಡುಕೊಂಡಿದ್ದಾರೆ. ಬರ್ನಿ ಲೆ ಬೋಫ್ ಎಂಬ ವಿಜ್ಞಾನಿ 1960ರ ದಶಕದ ಕೊನೆಯಿಂದ ಇಲ್ಲಿ ಪ್ರತಿ ಪ್ರಾಣಿಗೆ ಗುರುತು ಹಾಕಿ ಎಣಿಸಲು ಶುರು ಮಾಡಿದರು. ಹೆಣ್ಣುಗಳ ಜೊತೆ ಕೂಡುವ ಅವಕಾಶ ಬೆರಳೆಣಿಕೆಯ ಗಂಡುಗಳಿಗೆ ಮಾತ್ರ, ಹೆಚ್ಚಿನವು ಒಂದು ಮರಿಗೂ ತಂದೆಯಾಗದೆ ಸಾಯುತ್ತವೆ ಅಂತ ತಿಳಿದದ್ದು ಆ ಎಣಿಕೆಯಿಂದ. ಗೆದ್ದ ಗಂಡಿಗೂ ಸುಖ ಇಲ್ಲ. ಜಾಗ ಬಿಟ್ಟರೆ ಹೋಯಿತು, ಅದಕ್ಕೇ ಮೂರು ತಿಂಗಳು ಒಂದು ತುತ್ತು ತಿನ್ನದೆ ಕಾವಲು ಕಾಯುತ್ತದೆ.

ಹೆಣ್ಣುಗಳು ಬರುವುದು ಡಿಸೆಂಬರ್ ನಡುವಿನಿಂದ. ದಡ ಸೇರಿ ವಾರದೊಳಗೆ ಒಂದು ಮರಿ. ಹುಟ್ಟುವಾಗ 35 ಕಿಲೋ ಆಸುಪಾಸು. ಆಮೇಲೆ ನಡೆಯುವುದು ದನ ಎಮ್ಮೆ ಕಟ್ಟಿದವರು ಕಣ್ಣರಳಿಸುವ ಸಂಗತಿ. ನಮ್ಮ ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕು, ಎಮ್ಮೆಯದಾದರೆ ಏಳು. ಡೇರಿಯ ಫ್ಯಾಟ್ ಲೆಕ್ಕ ನಿಮಗೆ ಗೊತ್ತೇ ಇದೆ. ಆನೆಸೀಲಿನ ಹಾಲಿನಲ್ಲಿ ಮರಿ ಬೆಳೆದಂತೆ ಕೊಬ್ಬು ಏರುತ್ತಾ ಹೋಗಿ ನೂರಕ್ಕೆ ಐವತ್ತು ದಾಟುತ್ತದೆ! ಅದು ಹಾಲಲ್ಲ, ಹೆಚ್ಚುಕಡಿಮೆ ಬೆಣ್ಣೆ. ಬರೀ ನಾಲ್ಕು ವಾರ ಕುಡಿದು ಮರಿ 130 ಕಿಲೋ ಆಗುತ್ತದೆ. ತಾಯಿ ಆ ನಾಲ್ಕು ವಾರವೂ ಉಪವಾಸ. ತನ್ನ ಮೈಯನ್ನೇ ಕರಗಿಸಿ ಹಾಲು ಮಾಡಿ, ತೂಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡು, ಒಂದು ದಿನ ಮರಿಯನ್ನು ಅಲ್ಲೇ ಬಿಟ್ಟು ಸಮುದ್ರಕ್ಕೆ ಇಳಿಯುತ್ತದೆ. ತಿರುಗಿ ನೋಡುವುದಿಲ್ಲ.

ಗಂಡುಗಳ ಜಗಳದಲ್ಲಿ ಸಿಕ್ಕಿ ಕೆಲವು ಮರಿ ಅಪ್ಪಚ್ಚಿಯಾಗುತ್ತವೆ. ಕೆಲವು ತಾಯಿಯಿಂದ ತಪ್ಪಿಹೋಗಿ ಬೇರೆ ಹೆಣ್ಣಿನ ಹಾಲಿಗೆ ಬಾಯಿ ಹಾಕಲು ಹೋಗಿ ಕಚ್ಚಿಸಿಕೊಳ್ಳುತ್ತವೆ. ಹಾಲುಗಳ್ಳತನದಲ್ಲಿ ಪಳಗಿದ ಕೆಲವು ಮಾತ್ರ ಎರಡೆರಡು ತಾಯಿಯ ಹಾಲು ಕುಡಿದು, ತೆವಳಲಾರದಷ್ಟು ಉಬ್ಬಿ ಮಲಗಿರುತ್ತವೆ. ತಾಯಂದಿರು ಹೋದ ಮೇಲೆ ಮರಿಗಳೆಲ್ಲ ಗುಂಪುಗೂಡಿ ಎರಡು ತಿಂಗಳಿಗೂ ಹೆಚ್ಚು ದಡದಲ್ಲೇ ಇರುತ್ತವೆ. ರಾತ್ರಿ ಹೊತ್ತು ತಗ್ಗು ನೀರಿನಲ್ಲಿ ತಾವೇ ಈಜು ಕಲಿಯುತ್ತವೆ. ಕಲಿಸುವವರು ಯಾರೂ ಇಲ್ಲ. ಏಪ್ರಿಲ್ ಹೊತ್ತಿಗೆ ಒಂದೊಂದೇ ಹೊರಡುತ್ತವೆ. ಅರ್ಧದಷ್ಟು ಮರಿಗಳು ವರ್ಷ ತುಂಬುವುದರೊಳಗೆ ಸಾಯುತ್ತವೆ. ದ್ವೀಪದ ಸುತ್ತ ದೊಡ್ಡ ಬಿಳಿ ಶಾರ್ಕ್‌ಗಳು ಸುಮ್ಮನೆ ತಿರುಗುವುದಿಲ್ಲ.

ಸಮುದ್ರದಲ್ಲಿ ಇವುಗಳ ಬದುಕು ಇನ್ನೂ ವಿಚಿತ್ರ. ಇಪ್ಪತ್ತು ಇಪ್ಪತ್ತೈದು ನಿಮಿಷ ಮುಳುಗುತ್ತವೆ, ಎರಡು ಮೂರು ನಿಮಿಷ ಮೇಲೆ ಬಂದು ಉಸಿರು ತೆಗೆದುಕೊಳ್ಳುತ್ತವೆ, ಮತ್ತೆ ಮುಳುಗುತ್ತವೆ. ಹಗಲು ರಾತ್ರಿ ಹೀಗೆಯೇ, ತಿಂಗಳುಗಟ್ಟಲೆ. ಸಾಮಾನ್ಯ ಆಳ ಐನೂರು ಆರುನೂರು ಮೀಟರ್, ಕೆಲವು 1,700 ಮೀಟರ್ ಮುಟ್ಟಿದ್ದೂ ಇದೆ. ಹಾಗಾದರೆ ನಿದ್ದೆ ಯಾವಾಗ? ಆನ್ಯೊ ನುಯೆವೊದ ಹೆಣ್ಣು ಸೀಲ್‌ಗಳ ತಲೆಗೆ ಈಜುಗಾರರ ಟೋಪಿಯಂಥ ಸಾಧನ ಅಂಟಿಸಿ ಮಿದುಳಿನ ಅಲೆ ಅಳೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆಳಕ್ಕೆ ಇಳಿಯುತ್ತಾ ನಿದ್ದೆ ಹೋಗುತ್ತವೆ. ಗಾಢ ನಿದ್ದೆ ಹತ್ತಿದಾಗ ಮೈ ಅಂಗಾತ ತಿರುಗಿ, ಉದುರುವ ಎಲೆಯಂತೆ ಸುತ್ತುತ್ತಾ ಸುತ್ತುತ್ತಾ ಕೆಳಗೆ ಬೀಳುತ್ತವೆ. ಹತ್ತು ನಿಮಿಷಕ್ಕೆ ಎಚ್ಚರಾಗಿ ಮೇಲೆ ಈಜುತ್ತವೆ. ಇಂಥ ತುಣುಕು ನಿದ್ದೆ ಎಲ್ಲ ಸೇರಿದರೆ ದಿನಕ್ಕೆ ಎರಡು ಗಂಟೆ. ದಡಕ್ಕೆ ಬಂದಾಗ ಸುಮಾರು ಹತ್ತು ಗಂಟೆ. ಅವು ದಡದಲ್ಲಿ ಸೋಮಾರಿಯಂತೆ ಬಿದ್ದುಕೊಂಡಿರುವುದನ್ನು ನೋಡಿ ನಗುವವರಿಗೆ ಈ ಲೆಕ್ಕ ಹೇಳಬೇಕು.

ಇಷ್ಟೆಲ್ಲ ಇದ್ದರೂ ಕಂಟಕ ಪೂರ್ತಿ ಕಳೆದಿಲ್ಲ. ಹತ್ತಾರು ಪ್ರಾಣಿಗಳಿಂದ ಬೆಳೆದ ಕುಲ ಆದ್ದರಿಂದ ರಕ್ತದಲ್ಲಿ ವೈವಿಧ್ಯ ಬಹಳ ಕಡಿಮೆ. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲೀತು ಅನ್ನುವ ಭಯ ಇದ್ದೇ ಇದೆ. 2023ರಲ್ಲಿ ಅರ್ಜೆಂಟೀನಾದಲ್ಲಿ ಇವುಗಳ ದಾಯಾದಿಗಳಾದ ದಕ್ಷಿಣದ ಆನೆಸೀಲ್‌ಗಳಿಗೆ ಹಕ್ಕಿಜ್ವರ ಬಂದು ಒಂದೇ ಹಂಗಾಮಿನಲ್ಲಿ ಸುಮಾರು 17,000 ಮರಿಗಳು ಸತ್ತವು.

ಪಾರ್ಕಿನ ನಿಯಮ ಬಿಗಿ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಸ್ವಯಂಸೇವಕರ ಜೊತೆಗಲ್ಲದೆ ಯಾರೂ ಸೀಲ್‌ಗಳ ಕಡೆ ಹೋಗುವಂತಿಲ್ಲ. 25 ಅಡಿ ದೂರ ನಿಲ್ಲಬೇಕು. ಹೋಗಿಬರಲು ಐದು ಕಿಲೋಮೀಟರ್ ನಡಿಗೆ, ಅರ್ಧ ದಾರಿ ಮರಳಿನಲ್ಲಿ. ಸೀಲ್ ಬಂದು ದಾರಿಯ ಮೇಲೆ ಮಲಗಿದರೆ ಅದನ್ನು ಎಬ್ಬಿಸುವುದಿಲ್ಲ, ಜನರೇ ಸುತ್ತಿ ಹೋಗುತ್ತಾರೆ. ದ್ವೀಪಕ್ಕಂತೂ ಸಂಶೋಧಕರನ್ನು ಬಿಟ್ಟು ಬೇರೆ ಯಾರಿಗೂ ಪ್ರವೇಶ ಇಲ್ಲ.

ಆದರೆ ಅದೇ ಪಾರ್ಕಿನಲ್ಲಿ, ಮನುಷ್ಯ ಕೈಯಾಡಿಸಿದ್ದರಿಂದಲೇ ಬದುಕುತ್ತಿರುವ ಒಂದು ಜೀವಿಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಗಾರ್ಟರ್ ಹಾವು. ಮೈಮೇಲೆ ಕೆಂಪು, ಕಪ್ಪು ಪಟ್ಟೆ, ಹೊಟ್ಟೆ ನೀಲಿ ಹಸಿರು. ಅಷ್ಟು ಚಂದದ ಹಾವನ್ನು ನಾವು ಚಿತ್ರದಲ್ಲೂ ಬೇರೆ ಕಂಡಿಲ್ಲ. ಅಳಿವಿನಂಚಿನ ಜೀವಿ ಅಂತ 1967ರಲ್ಲೇ ಅಮೆರಿಕದ ಪಟ್ಟಿ ಸೇರಿದೆ. ಆನ್ಯೊ ನುಯೆವೊದಲ್ಲಿ ಅದಕ್ಕೆ ಆಸರೆ ಯಾವುದು ಅಂದರೆ, ಹಿಂದೆ ರೈತರು ಬೇಸಾಯಕ್ಕೆ ಅಂತ ಕಟ್ಟಿದ ಕೆರೆ. ಅಲ್ಲಿ ಕಪ್ಪೆ ಇದೆ, ಹಾವಿಗೆ ಊಟ ಇದೆ. ಕೆರೆ ಹೂಳು ತುಂಬದಂತೆ, ದಡದ ಪೊದೆ ಅತಿಯಾಗದಂತೆ ನೋಡಿಕೊಳ್ಳುತ್ತಿರಬೇಕು. ಸುಮ್ಮನೆ ಬೇಲಿ ಹಾಕಿ ಬೀಗ ಜಡಿದರೆ ಆ ಹಾವು ಉಳಿಯುವುದಿಲ್ಲ.

ಕಿರೋಸ್ತೆಗಳ ಬಯಲಿಗೂ ಆದದ್ದು ಹೀಗೆಯೇ. ಬೆಂಕಿ ನಿಂತ ಮೇಲೆ ಹುಲ್ಲುಗಾವಲಿಗೆ ಪೊದೆ ನುಗ್ಗಿತು, ಪೊದೆಯ ಹಿಂದೆ ಫರ್ ಮರಗಳು ಬಂದವು. 2000ರ ದಶಕದ ಕೊನೆಯಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಅಮಾ ಮುತ್ಸುನ್ ಎಂಬ ಮೂಲನಿವಾಸಿ ಸಮುದಾಯದವರ ಜೊತೆ ಸೇರಿ ಹಳೆಯ ಹಳ್ಳಿಯ ಜಾಗವನ್ನು ಅಗೆದರು. ಸುಟ್ಟ ಬೀಜ, ಹೇಜಲ್ ಕಾಯಿಯ ಸಿಪ್ಪೆ, ಇದ್ದಿಲು, ಮಣ್ಣಿನಲ್ಲಿ ಉಳಿದ ಹುಲ್ಲಿನ ಸೂಕ್ಷ್ಮ ಕಣ ಎಲ್ಲ ನೋಡಿ, ನೂರಾರು ವರ್ಷ ಜನರೇ ಬೆಂಕಿಯಿಂದ ಆ ಹುಲ್ಲುಗಾವಲನ್ನು ಉಳಿಸಿಕೊಂಡಿದ್ದರು ಅಂತ ಹೇಳಿದರು. ಕ್ರೆಸ್ಪಿ ಪಾದ್ರಿ ದಿನಚರಿಯಲ್ಲಿ ಬರೆದದ್ದು ಮಣ್ಣಿನಲ್ಲೂ ಬರೆದಿತ್ತು. ಪಾರ್ಕಿನೊಳಗಿನ ಆ ಕಣಿವೆಯನ್ನು ಕಿರೋಸ್ತೆ ಕಣಿವೆ ಅಂತ ಹೆಸರಿಟ್ಟು ಪ್ರತ್ಯೇಕ ಸಾಂಸ್ಕೃತಿಕ ಸಂರಕ್ಷಿತ ಪ್ರದೇಶ ಮಾಡಲಾಗಿದೆ.

ಕಿರೋಸ್ತೆ ಕುಲದವರು ಎಂದು ಇವತ್ತು ಗುರುತಿಸುವಂಥವರು ಯಾರೂ ಉಳಿದಿಲ್ಲ. ಸಾಂತಾ ಕ್ರೂಜ್ ಮತ್ತು ಸ್ಯಾನ್ ಹ್ವಾನ್ ಬಾಟಿಸ್ಟಾ ಮಿಷನ್‌ಗಳಿಗೆ ಒಯ್ದ ಬೇರೆ ಬೇರೆ ಪಂಗಡಗಳ ವಂಶಸ್ಥರು ಅಮಾ ಮುತ್ಸುನ್ ಸಮುದಾಯದವರು. ಆ ಸೀಮೆಯಲ್ಲಿ ಅಳಿದುಹೋದವರ ಪರವಾಗಿಯೂ ನೆಲ ನೋಡಿಕೊಳ್ಳುವುದು ನಮ್ಮ ಹೊಣೆ ಅಂತ ಇವರು ಮುಂದೆ ಬಂದಿದ್ದಾರೆ. ಹಾಗೆ ಬರಲು ಅವರಿಗೆ ಯಾವ ಕಾನೂನಿನ ಹಕ್ಕೂ ಇರಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರ ಈ ಸಮುದಾಯವನ್ನು ಬುಡಕಟ್ಟು ಎಂದು ಮಾನ್ಯ ಮಾಡಿಯೇ ಇಲ್ಲ. ತಮ್ಮದೇ ಭೂ ಟ್ರಸ್ಟ್ ಕಟ್ಟಿಕೊಂಡು, ಪಾರ್ಕಿನವರ ಜೊತೆ ಮಾತುಕತೆ ಮಾಡಿಕೊಂಡು, ಅವರ ಹುಡುಗ ಹುಡುಗಿಯರು ಕಣಿವೆಯಲ್ಲಿ ಪೊದೆ ಕಡಿಯುತ್ತಾರೆ, ಫರ್ ಸಸಿ ಕೀಳುತ್ತಾರೆ, ಸ್ಥಳೀಯ ಹುಲ್ಲಿನ ಬೀಜ ಕೂಡಿಡುತ್ತಾರೆ.

2020ರ ಆಗಸ್ಟ್‌ನಲ್ಲಿ ಮಳೆಯಿಲ್ಲದ ಸಿಡಿಲು ಬಡಿದು ಆ ಬೆಟ್ಟಸಾಲಿಗೆ ಬೆಂಕಿ ಹತ್ತಿತು. 86,000 ಎಕರೆಗೂ ಹೆಚ್ಚು ಸುಟ್ಟಿತು, ಪಕ್ಕದ ಬಿಗ್ ಬೇಸಿನ್ ಪಾರ್ಕಿನ ರೆಡ್‌ವುಡ್ ಕಾಡು ಕಪ್ಪಾಯಿತು. ಕಾಲಕಾಲಕ್ಕೆ ಸಣ್ಣ ಬೆಂಕಿ ಇಡುವುದನ್ನು 1793ರಲ್ಲಿ ನಿಲ್ಲಿಸಿದ ಕಡೆ ಎರಡು ಶತಮಾನದ ಸೌದೆ ಒಟ್ಟಿಕೊಂಡಿತ್ತು. ಅದಾದ ಮೇಲೆ ಹಳೆಯ ಬೆಂಕಿಯ ಮಾತನ್ನು ಕೇಳುವವರು ಹೆಚ್ಚಾಗಿದ್ದಾರೆ.

ಕಣಿವೆಯಲ್ಲಿ ಹೇಜಲ್ ಗಿಡಗಳು ಇನ್ನೂ ಇವೆ. ನೆರಳಿನಲ್ಲಿ ಬೆಳೆದು ಸೊಟ್ಟಗಾಗಿವೆ. ಸುಟ್ಟರೆ ಅಥವಾ ಬುಡಕ್ಕೆ ಕಡಿದರೆ ಒಂದೆರಡು ವರ್ಷದಲ್ಲಿ ನೆಟ್ಟನೆಯ ಕಡ್ಡಿ ಬರುತ್ತದೆ, ಬುಟ್ಟಿಗೆ ಆಗುವಂಥದ್ದು.